ಕರ್ನಾಟಿಕ್: ಘಟ್ಟವಿಳಿದು ಹೋದ ಹೆಸರು

ಮನೆಯ ಹುಡುಗನೊಬ್ಬ ಈಚೆಗೆ ರಸಪ್ರಶ್ನೆಯ ಹಾಳೆಯೊಂದನ್ನು ತಂದು ತೋರಿಸಿದ. ‘ಮೂರನೆಯ ಕರ್ನಾಟಕ ಯುದ್ಧವು ಕರ್ನಾಟಕದ ಯಾವ ಜಿಲ್ಲೆಯಲ್ಲಿ ನಡೆಯಿತು?’ ಎಂಬುದು ಪ್ರಶ್ನೆ. ಕೋಲಾರ, ಬಳ್ಳಾರಿ, ಚಿತ್ರದುರ್ಗ, ತುಮಕೂರು ಎಂದು ನಾಲ್ಕು ಆಯ್ಕೆಗಳಿದ್ದವು. ಐದನೆಯ ಆಯ್ಕೆಯಾಗಿ ‘ಯಾವುದೂ ಅಲ್ಲ’ ಎಂದು ಬರೆಯುವ ಎಚ್ಚರವೂ ಹಾಳೆ ಸಿದ್ಧಪಡಿಸಿದವರಿಗೆ ಇರಲಿಲ್ಲ. ಇದು ಒಬ್ಬರ ತಪ್ಪಾಗಿದ್ದರೆ ಸುಮ್ಮನಿರಬಹುದಿತ್ತು. ಆದರೆ ಇಂಥ ವಾಕ್ಯಗಳನ್ನು ಪತ್ರಿಕೆಗಳಲ್ಲಿ, ಭಾಷಣಗಳಲ್ಲಿ, ಸ್ಪರ್ಧಾತ್ಮಕ ಪರೀಕ್ಷೆಗಳ ಕೈಪಿಡಿಗಳಲ್ಲಿ ಕಂಡು ಕಂಡು ಸಾಕಾಗಿದೆ.

ಕರ್ನಾಟಿಕ್ ಎಂದು ಇತಿಹಾಸಕಾರರು ಕರೆಯುವುದು ಆರ್ಕಾಟಿನ ನವಾಬನ ಸೀಮೆಯನ್ನು, ಅಂದರೆ ಪೂರ್ವಘಟ್ಟಕ್ಕೂ ಬಂಗಾಳ ಕೊಲ್ಲಿಗೂ ನಡುವಿನ ಬಯಲನ್ನು. ಮದರಾಸು, ಪಾಂಡಿಚೇರಿ, ತಿರುಚಿರಾಪಳ್ಳಿ ಎಲ್ಲವೂ ಅದರ ವ್ಯಾಪ್ತಿಯಲ್ಲಿದ್ದವು. ಅಲ್ಲಿನ ಬಹುಪಾಲು ಜನರ ಮಾತು ತಮಿಳು, ಉತ್ತರದ ಅಂಚಿನಲ್ಲಿ ತೆಲುಗು. ಹಾಗಿದ್ದೂ ನಮ್ಮ ಹೆಸರು ಅಲ್ಲಿಗೆ ಹೋಗಿ ಕುಳಿತದ್ದು ಹೇಗೆ?

‘ಕರುನಾಡು’ ಎಂದರೆ ಎತ್ತರದ ನಾಡೋ ಕಪ್ಪು ಮಣ್ಣಿನ ನಾಡೋ ಎಂಬ ಹಳೆಯ ಜಗಳವನ್ನು ಇಲ್ಲಿ ಕೆದಕುವುದಿಲ್ಲ. ಅದರಿಂದ ಈ ಗೊಂದಲ ಬಗೆಹರಿಯುವುದೂ ಇಲ್ಲ. ಬಗೆಹರಿಸುವ ಸುಳಿವು ಇರುವುದು ವಿಜಯನಗರದಲ್ಲಿ. ಆ ಸಾಮ್ರಾಜ್ಯಕ್ಕೆ ಕರ್ಣಾಟ ಸಾಮ್ರಾಜ್ಯವೆಂಬ ಹೆಸರಿತ್ತು. 1565ರ ಸೋಲಿನ ನಂತರ ರಾಜಧಾನಿಯು ಪೆನುಕೊಂಡೆಗೂ ಆಮೇಲೆ ಚಂದ್ರಗಿರಿ, ವೆಲ್ಲೂರುಗಳಿಗೂ ಸರಿಯಿತು. ಅರಸರು ನೆಲವನ್ನು ಕಳೆದುಕೊಂಡರೂ ಬಿರುದನ್ನು ಬಿಡಲಿಲ್ಲವಾದ್ದರಿಂದ ರಾಜ್ಯದ ಹೆಸರೂ ಅವರ ಬೆನ್ನು ಹತ್ತಿ ಆಗ್ನೇಯಕ್ಕೆ ನಡೆಯಿತು. ಹದಿನೇಳನೆಯ ಶತಮಾನದಲ್ಲಿ ಬಿಜಾಪುರ, ಗೋಲ್ಕೊಂಡದ ಸೇನೆಗಳು ಆ ರಾಜ್ಯವನ್ನು ಹಂಚಿಕೊಂಡಾಗ, ತಾವು ಗೆದ್ದದ್ದನ್ನೆಲ್ಲ ಪಾರಸಿ ದಫ್ತರಗಳಲ್ಲಿ ‘ಕರ್ನಾಟಕ’ ಎಂದೇ ಬರೆಸಿದವು. ಘಟ್ಟದ ಮೇಲಿನದು ಕರ್ನಾಟಕ ಬಾಲಾಘಾಟ್, ಕೆಳಗಿನದು ಕರ್ನಾಟಕ ಪಾಯಿನ್‌ಘಾಟ್. ಪಾರಸಿಯಲ್ಲಿ ಬಾಲಾ ಎಂದರೆ ಮೇಲೆ, ಪಾಯಿನ್ ಎಂದರೆ ಕೆಳಗೆ. ಮೊಗಲರು ಬಂದ ಮೇಲೆ ಬಾಲಾಘಾಟಿನ ಆಡಳಿತ ಶಿರಾದಿಂದಲೂ ಪಾಯಿನ್‌ಘಾಟಿನ ಆಡಳಿತ ಆರ್ಕಾಟಿನಿಂದಲೂ ನಡೆಯತೊಡಗಿತು. ಯುರೋಪಿನ ವರ್ತಕರ ಕೋಠಿಗಳು ಕೆಳಗಿನ ಕರಾವಳಿಯಲ್ಲಿದ್ದವು. ಅವರು ನಿತ್ಯ ವ್ಯವಹರಿಸುತ್ತಿದ್ದುದು ಆರ್ಕಾಟಿನವನೊಡನೆ. ಹೀಗಾಗಿ ಅವರ ಬಾಯಲ್ಲಿ ‘ಪಾಯಿನ್‌ಘಾಟ್’ ಉದುರಿಹೋಗಿ ‘ಕರ್ನಾಟಿಕ್’ ಮಾತ್ರ ಉಳಿಯಿತು. ಕನ್ನಡದ ಕರಾವಳಿಗೆ ಅವರು ‘ಕೆನರಾ’ ಎಂದರು, ಘಟ್ಟದ ಮೇಲಿನದಕ್ಕೆ ‘ಮೈಸೂರು’ ಎಂದರು.

‘ಯುದ್ಧ’ ಎಂಬ ಅರ್ಧವನ್ನೂ ಸ್ವಲ್ಪ ನೋಡಬೇಕು. ಮೂರನೆಯ ಕರ್ನಾಟಿಕ್ ಯುದ್ಧವೆಂಬುದು ಬೇರೆಯೇ ಆದ ಯುದ್ಧವಲ್ಲ. 1756ರಿಂದ 1763ರವರೆಗೆ ಯುರೋಪು, ಅಮೆರಿಕ, ಆಫ್ರಿಕದ ಕರಾವಳಿ, ಫಿಲಿಪೀನ್ಸ್‌ಗಳಲ್ಲಿ ನಡೆದ ಸಪ್ತವಾರ್ಷಿಕ ಯುದ್ಧದ ಇಲ್ಲಿನ ಕವಲು, ಇಂಗ್ಲಿಷರಿಗೂ ಫ್ರೆಂಚರಿಗೂ ನಡೆದ ಕಾಳಗ. ಅದನ್ನು ನವಾಬರ ಮನೆಜಗಳವೆಂದು ಓದಿದರೆ ಫ್ರಾನ್ಸ್ ಏಕೆ ಸೋತಿತೆಂಬುದು ಅರ್ಥವಾಗುವುದಿಲ್ಲ. ಐರಿಷ್ ಮೂಲದ ಫ್ರೆಂಚ್ ಸೇನಾಪತಿ ಕೌಂಟ್ ಲಾಲಿ 1758ರ ಏಪ್ರಿಲ್‌ನಲ್ಲಿ ಬಂದಿಳಿದು ಜೂನ್ ತಿಂಗಳಲ್ಲೇ ಕಡಲೂರಿನ ಸೇಂಟ್ ಡೇವಿಡ್ ಕೋಟೆಯನ್ನು ಹಿಡಿದ. ಆದರೆ ಕೈಯಲ್ಲಿ ಹಣವಿರಲಿಲ್ಲ. ಹಳೆಯ ಸಾಲಪತ್ರವೊಂದನ್ನು ಹಿಡಿದು ತಂಜಾವೂರಿನ ಅರಸನಲ್ಲಿ ವಸೂಲಿಗೆ ಹೋಗಿ ಬಹುಮಟ್ಟಿಗೆ ಬರಿಗೈಯಲ್ಲಿ ಮರಳಿದ. ಹೈದರಾಬಾದಿನಲ್ಲಿ ನಿಜಾಮನನ್ನು ಹಿಡಿತದಲ್ಲಿಟ್ಟುಕೊಂಡಿದ್ದ ಫ್ರೆಂಚ್ ಸೇನಾನಿ ಬುಸ್ಸಿಯನ್ನು ಹಿಂದಕ್ಕೆ ಕರೆಸಿಕೊಂಡದ್ದರಿಂದ ಆ ಹಿಡಿತವೂ ಹೋಯಿತು. ಬಂಗಾಳದಿಂದ ಬಂದ ಇಂಗ್ಲಿಷ್ ಪಡೆ 1759ರ ಏಪ್ರಿಲ್‌ನಲ್ಲಿ ಮಚಲೀಪಟ್ಟಣವನ್ನು ಕಿತ್ತುಕೊಂಡಿತು. ಅದೇ ವರ್ಷ ಫ್ರೆಂಚ್ ನೌಕಾಪಡೆ ಕರಾವಳಿಯನ್ನು ಬಿಟ್ಟು ಹೊರಟ ಮೇಲೆ ಲಾಲಿಗೆ ಆಳೂ ಇಲ್ಲ, ಅಕ್ಕಿಯೂ ಇಲ್ಲ. 1760ರ ಜನವರಿ 22ರಂದು ವಂದವಾಸಿಯಲ್ಲಿ ಸೋತ. (ಪಠ್ಯಪುಸ್ತಕಗಳ ‘ವಾಂಡಿವಾಷ್’ ಇದೇ, ಇಂಗ್ಲಿಷರ ನಾಲಿಗೆ ಹೊರಳದ್ದಕ್ಕೆ ನಾವೇಕೆ ತೊದಲಬೇಕೋ ತಿಳಿಯದು.) ಮರುವರ್ಷ ಜನವರಿಯಲ್ಲಿ ಪಾಂಡಿಚೇರಿಯೂ ಹಸಿವಿನಿಂದ ಶರಣಾಯಿತು, ಇಂಗ್ಲಿಷರು ಅದರ ಕೋಟೆಯನ್ನು ನೆಲಸಮ ಮಾಡಿದರು. ಲಾಲಿಯ ಸೋಲಿಗೆ ಫ್ರಾನ್ಸ್ ಅವನನ್ನೇ ಹೊಣೆ ಮಾಡಿ 1766ರಲ್ಲಿ ಪ್ಯಾರಿಸ್ಸಿನಲ್ಲಿ ತಲೆ ಕಡಿಸಿತು. ಹನ್ನೆರಡು ವರ್ಷಗಳ ಮೇಲೆ ಆ ತೀರ್ಪನ್ನು ರದ್ದುಪಡಿಸಿತು.

ಹಾಗೆಂದು ಕನ್ನಡ ನಾಡಿಗೆ ಇದರ ಗಾಳಿಯೇ ತಾಗಲಿಲ್ಲವೆಂದಲ್ಲ. ಎರಡನೆಯ ಕರ್ನಾಟಿಕ್ ಯುದ್ಧದಲ್ಲಿ ಆರ್ಕಾಟಿನ ನವಾಬಗಿರಿಗೆ ಹೋರಾಡುತ್ತಿದ್ದ ಮಹಮ್ಮದ್ ಅಲಿಯು ತಿರುಚಿರಾಪಳ್ಳಿಯನ್ನೇ ಕೊಡುವುದಾಗಿ ಮಾತು ಕೊಟ್ಟು, ಮೈಸೂರಿನ ಸರ್ವಾಧಿಕಾರಿ ನಂಜರಾಜಯ್ಯನನ್ನು ಕರೆಸಿಕೊಂಡು, ಕೆಲಸವಾದ ಮೇಲೆ ಮಾತಿಗೆ ತಪ್ಪಿದ. ಅಲ್ಲಿ ಮೈಸೂರಿನ ಬೊಕ್ಕಸ ಬರಿದಾಯಿತು, ಹೈದರಾಲಿಯ ಹೆಸರು ಮೇಲೆದ್ದಿತು. 1760ರಲ್ಲಿ ಲಾಲಿಯೊಡನೆ ಒಪ್ಪಂದ ಮಾಡಿಕೊಂಡು ಸೇನೆ ಕಳುಹಿಸಿದವನೂ ಹೈದರನೇ. ಆದರೆ ಶ್ರೀರಂಗಪಟ್ಟಣದಲ್ಲಿ ಅವನ ಆಪ್ತನಾಗಿದ್ದ ಖಂಡೇರಾಯನೇ ತಿರುಗಿಬಿದ್ದುದರಿಂದ ಆ ಸೇನೆಯನ್ನು ಹಿಂದಕ್ಕೆ ಕರೆಸಬೇಕಾಯಿತು. ಮೈಸೂರಿನವರು ಕರ್ನಾಟಿಕ್ಕಿಗೆ ಹೋದರು ಎಂಬುದನ್ನು ಗಮನಿಸಬೇಕು. ಅದು ಇಲ್ಲೇ ಇದ್ದಿದ್ದರೆ ಹೋಗುವ ಪ್ರಮೇಯವೇ ಬರುತ್ತಿರಲಿಲ್ಲ.

1763ರ ಫೆಬ್ರವರಿ 10ರ ಪ್ಯಾರಿಸ್ ಒಪ್ಪಂದದಲ್ಲಿ ಫ್ರಾನ್ಸ್ ಕೆನಡಾವನ್ನು ಬಿಟ್ಟುಕೊಟ್ಟಿತು. ಭಾರತದಲ್ಲಿ 1749ರ ಆರಂಭಕ್ಕೆ ತನ್ನದಾಗಿದ್ದ ಕೋಠಿಗಳನ್ನು ಮರಳಿ ಪಡೆಯಿತು. ಬಂಗಾಳದಲ್ಲಿ ಕೋಟೆ ಕಟ್ಟುವಂತಿಲ್ಲ, ಸೈನ್ಯ ಇಡುವಂತಿಲ್ಲ. ಒಪ್ಪಂದದ ಹನ್ನೊಂದನೆಯ ವಿಧಿಯು ಮಹಮ್ಮದ್ ಅಲಿಯನ್ನು ಕರ್ನಾಟಿಕ್ಕಿನ ನ್ಯಾಯವಾದ ನವಾಬನೆಂದೂ ಹೈದರಾಬಾದಿನ ಸಲಾಬತ್ ಜಂಗನನ್ನು ದಖ್ಖನಿನ ನ್ಯಾಯವಾದ ಸುಬೇದಾರನೆಂದೂ ಎರಡೂ ದೇಶಗಳಿಂದ ಒಪ್ಪಿಸಿತು. ಪ್ಯಾರಿಸ್ಸಿನಲ್ಲಿ ರುಜು ಹಾಕಿದವರಿಗೆ ಗೊತ್ತಿರದಿದ್ದ ಸಂಗತಿಯೆಂದರೆ, ಸಲಾಬತ್ ಜಂಗನನ್ನು ಅವನ ತಮ್ಮ ನಿಜಾಮ್ ಅಲಿಯು ಹಿಂದಿನ ವರ್ಷವೇ ಗದ್ದುಗೆಯಿಂದ ಇಳಿಸಿ ಬೀದರ್ ಕೋಟೆಯಲ್ಲಿ ಸೆರೆಯಿಟ್ಟಿದ್ದ. 1763ರ ಸೆಪ್ಟೆಂಬರಿನಲ್ಲಿ ಸಲಾಬತ್ ಜಂಗ್ ಅಲ್ಲೇ ಸತ್ತ. ಈ ಯುದ್ಧದ ಯಾವುದಾದರೂ ಎಳೆಗೆ ಇಂದಿನ ಕರ್ನಾಟಕದ ಜಿಲ್ಲೆಯೊಂದನ್ನು ಹೆಸರಿಸಲೇಬೇಕೆಂದಿದ್ದರೆ ಬೀದರನ್ನು ಹೆಸರಿಸಬಹುದಿತ್ತು.

ಇನ್ನು ಅತ್ಯಂತ ಕಿರಿಕಿರಿಯ ವಾಕ್ಯ: ‘1780ರಲ್ಲಿ ಹೈದರಾಲಿಯು ಕರ್ನಾಟಕದ ಮೇಲೆ ದಂಡೆತ್ತಿ ಹೋದನು.’ ಶ್ರೀರಂಗಪಟ್ಟಣದಲ್ಲಿ ಕುಳಿತವನು ಕರ್ನಾಟಕದ ಮೇಲೆ ದಂಡೆತ್ತಿ ಹೋಗುವುದೆಂದರೆ ತನ್ನ ಮನೆಗೆ ತಾನೇ ಕನ್ನ ಹಾಕಿದಂತೆ. ಇಂಗ್ಲಿಷ್ ಗ್ರಂಥದ ‘ಕರ್ನಾಟಿಕ್’ ಅನ್ನು ಕಣ್ಣು ಮುಚ್ಚಿ ‘ಕರ್ನಾಟಕ’ ಮಾಡಿದ್ದರ ಫಲವಿದು. ನಮ್ಮ ರಾಜ್ಯಕ್ಕೆ 1973ರ ನವೆಂಬರ್ 1ರಂದು ಕರ್ನಾಟಕವೆಂಬ ಹೆಸರು ಬಂದ ಮೇಲಂತೂ ಈ ಅನುವಾದಕ್ಕೆ ಕ್ಷಮೆಯಿಲ್ಲ. ಕರ್ನಾಟಿಕ್ ಎಂಬುದನ್ನು ಹಾಗೆಯೇ ಉಳಿಸಿಕೊಳ್ಳಬಹುದು. ಅದು ಬೇಡವೆನಿಸಿದರೆ, ಹೈದರನು ಘಟ್ಟವಿಳಿದು ಆರ್ಕಾಟಿನ ಸೀಮೆಗೆ ನುಗ್ಗಿದನು ಎಂದು ಬರೆಯಬಹುದು.