ಕೊಲೊನೊಸ್ಕೋಪಿಯ ನಂತರ ಇಳಿಯದ ಹೊಟ್ಟೆನೋವು

ಸಿಂಧನೂರು, ಲಿಂಗಸುಗೂರು ಕಡೆಯಿಂದ ಬೆಳಿಗ್ಗೆ ರಾಯಚೂರಿಗೆ ಬಂದು, ಕೊಲೊನೊಸ್ಕೋಪಿ (ಗುದದ್ವಾರದಿಂದ ಕ್ಯಾಮೆರಾ ಇರುವ ಕೊಳವೆ ತೂರಿಸಿ ದೊಡ್ಡ ಕರುಳನ್ನು ನೋಡುವ ಪರೀಕ್ಷೆ) ಮಾಡಿಸಿಕೊಂಡು ಸಂಜೆಯ ಬಸ್ಸಿಗೇ ಊರಿಗೆ ಮರಳುವವರಿಗೆ ದಾರಿಯಲ್ಲಿ ಹೊಟ್ಟೆ ಉಬ್ಬರಿಸುವುದು ಸಹಜ. ಕರುಳನ್ನು ಹಿಗ್ಗಿಸಿ ನೋಡಲು ತುಂಬಿದ ಗಾಳಿ ಹೊರಹೋದಂತೆ ಅದು ಕೆಲವೇ ಗಂಟೆಗಳಲ್ಲಿ ಇಳಿಯುತ್ತದೆ. ಇಳಿಯದೆ ಏರುತ್ತಲೇ ಹೋಗುವ ನೋವನ್ನೂ ‘ಗ್ಯಾಸ್’ ಎಂದುಕೊಂಡು ಸೋಡಾ ಕುಡಿದು ಮಲಗಿದರೆ ಮಾತ್ರ ಅಪಾಯ, ಏಕೆಂದರೆ ಕರುಳಿಗೆ ತೂತು ಬಿದ್ದಿರಬಹುದು.

ಇದು ಅಪರೂಪ. ಬರೀ ನೋಡುವ ಪರೀಕ್ಷೆಯಲ್ಲಿ ಸಾಮಾನ್ಯವಾಗಿ 1000 ಜನರಲ್ಲಿ ಒಬ್ಬರಿಗೂ ಆಗದು; ದೊಡ್ಡದಾದ, ಚಪ್ಪಟೆಯಾದ ಪಾಲಿಪ್ ಗಂಟುಗಳನ್ನು (ಕರುಳಿನ ಒಳಗೋಡೆಯಲ್ಲಿ ಬೆಳೆಯುವ ಗಂಟುಗಳು) ಕತ್ತರಿಸಿ ತೆಗೆಯುವಾಗ 100ಕ್ಕೆ ಒಬ್ಬರ ಆಸುಪಾಸಿಗೆ ಏರುತ್ತದೆ.

ಸುಮಾರು ಒಂದೂವರೆ ಮೀಟರ್ ಉದ್ದದ ದೊಡ್ಡ ಕರುಳಿನ ಗೋಡೆ ಕೆಲವೇ ಮಿಲಿಮೀಟರ್ ದಪ್ಪ. ಎಡಭಾಗದ ಸಿಗ್ಮಾಯ್ಡ್ ತಿರುವಿನಲ್ಲಿ ಕೊಳವೆ ಸುತ್ತುಹಾಕಿಕೊಂಡಾಗ, ಅದರ ತುದಿಗಿಂತ ಬಾಗಿದ ಮೈಯೇ ಗೋಡೆಯನ್ನು ಹರಿಯುವುದುಂಟು. ಬಲಭಾಗದ ಸೀಕಂ, ಅಂದರೆ ದೊಡ್ಡ ಕರುಳು ಶುರುವಾಗುವ ಭಾಗ, ಅಗಲವಾಗಿಯೂ ತೆಳುವಾಗಿಯೂ ಇರುವುದರಿಂದ ಗಾಳಿಯ ಒತ್ತಡಕ್ಕೆ ಬಿರಿಯುವ ಭಯವಿರುವುದು ಅಲ್ಲಿ. ರಕ್ತದಲ್ಲಿ ಬೇಗ ಕರಗಿಹೋಗುವ ಇಂಗಾಲದ ಡೈಆಕ್ಸೈಡನ್ನು ಈಗ ಹಲವೆಡೆ ಗಾಳಿಯ ಬದಲು ಬಳಸುವುದಕ್ಕೆ ಇದೂ ಒಂದು ಕಾರಣ. ಹೆಚ್ಚು ಮೋಸ ಮಾಡುವುದು ಮೂರನೆಯ ಬಗೆ. ಪಾಲಿಪ್ ಕತ್ತರಿಸಲು ಹರಿಸಿದ ವಿದ್ಯುತ್ತಿನ ಬಿಸಿ ಗೋಡೆಯ ಆಳಕ್ಕಿಳಿದಿದ್ದರೆ, ಸುಟ್ಟ ಜಾಗ ಒಂದೆರಡು ದಿನ ಬಿಟ್ಟು, ಕೆಲವೊಮ್ಮೆ ಇನ್ನೂ ತಡವಾಗಿ, ಅಂದರೆ ರೋಗಿ ಮನೆಯಲ್ಲಿ ರೊಟ್ಟಿ ಉಣ್ಣುತ್ತಿರುವಾಗ, ಕಳಚಿ ತೂತಾಗುತ್ತದೆ.

ಆಗ ನೋವು ಹೆಚ್ಚಿ, ಜ್ವರ ಬಂದು, ನಾಡಿ ಓಡುತ್ತದೆ. ಮುಟ್ಟಿದರೆ ಹೊಟ್ಟೆ ಹಲಗೆಯಂತೆ ಬಿಗಿದಿರುತ್ತದೆ, ಕೆಮ್ಮಿದರೂ ಜೀವ ಹೋದಂತಾಗುತ್ತದೆ. ನಿಲ್ಲಿಸಿ ತೆಗೆದ ಎದೆಯ ಎಕ್ಸ್-ರೇಯಲ್ಲಿ ವಪೆಯ (ಎದೆ, ಹೊಟ್ಟೆಗಳ ನಡುವಿನ ಪರದೆಯ) ಕೆಳಗೆ ಗಾಳಿಯ ಕಪ್ಪು ಗೆರೆ ಕಾಣಬಹುದು. ಅದು ಕಾಣದಿದ್ದರೂ ಸಿಟಿ ಸ್ಕ್ಯಾನ್ ಸ್ವಲ್ಪ ಗಾಳಿಯನ್ನೂ ಹಿಡಿದು ತೋರಿಸುತ್ತದೆ. ಊರ ಆಸ್ಪತ್ರೆಗೆ ಹೋದವರು ಕೊಲೊನೊಸ್ಕೋಪಿಯ ಚೀಟಿಯನ್ನು ಮೊದಲು ಕೈಗಿಟ್ಟರೆ ವೈದ್ಯರ ಅರ್ಧ ಕೆಲಸ ಮುಗಿದಂತೆ. ಆಸ್ಪತ್ರೆ ಸೇರುವವರೆಗೆ ಏನನ್ನೂ ತಿನ್ನದೆ, ಕುಡಿಯದೆ ಇರುವುದು ಒಳ್ಳೆಯದು.

ತೂತು ಪರೀಕ್ಷೆಯ ಮೇಜಿನ ಮೇಲೆಯೇ ಕಣ್ಣಿಗೆ ಬಿದ್ದರೆ, ಅದು ಒಂದು ಸೆಂಟಿಮೀಟರಿಗಿಂತ ಚಿಕ್ಕದಾಗಿದ್ದರೆ, ಕೊಳವೆಯೊಳಗಿನಿಂದಲೇ ಲೋಹದ ಕ್ಲಿಪ್ ಹಾಕಿ ಮುಚ್ಚುತ್ತಾರೆ. ಬಾಯಿಗೆ ಏನನ್ನೂ ಕೊಡದೆ, ಡ್ರಿಪ್ ಮತ್ತು ಆ್ಯಂಟಿಬಯಾಟಿಕ್ ಮೇಲಿಟ್ಟು, ಶಸ್ತ್ರಚಿಕಿತ್ಸಕರೂ ಸೇರಿ ಕಾಯುತ್ತಾರೆ. ಸೋಂಕು ಹೊಟ್ಟೆಯೆಲ್ಲ ಹರಡಿದ್ದರೆ ಕಾಯುವ ಪ್ರಶ್ನೆಯಿಲ್ಲ, ಆಪರೇಷನ್ನೇ ಆಗಬೇಕು.

ಪರೀಕ್ಷೆಗೆ ಮುನ್ನ ಕರುಳು ಶುಚಿಮಾಡಲು ಕೊಡುವ ಹಿಂದಿನ ದಿನದ ಭೇದಿ ಔಷಧಿಯನ್ನು ಅರ್ಧ ಕುಡಿದು ಉಳಿದದ್ದನ್ನು ಚೆಲ್ಲುವವರು ಬಹಳ ಮಂದಿ. ಅದರ ರುಚಿ ಬಲ್ಲವರು ಅವರನ್ನು ಬೈಯಲಾರರು. ಆದರೆ ಕರುಳು ಶುಚಿಯಾಗಿದ್ದಾಗ ಸೋರುವುದು ಕಡಿಮೆ, ಕ್ಲಿಪ್ಪಿನಲ್ಲೋ ಒಂದೆರಡು ಹೊಲಿಗೆಯಲ್ಲೋ ಮುಗಿಯಬಹುದು. ಮಲ ತುಂಬಿದ ಕರುಳು ಸೋರಿ ಹೊತ್ತೂ ಮೀರಿದ್ದರೆ, ಕೆಟ್ಟ ಭಾಗವನ್ನು ತೆಗೆದು, ಕೆಲವು ತಿಂಗಳ ಮಟ್ಟಿಗಾದರೂ ಹೊಟ್ಟೆಯ ಮೇಲೆ ಮಲದ ಚೀಲ ಇಡಬೇಕಾಗಬಹುದು.