ಹಾರ್ಡ್‌ವಿಕ್ ಹಾಲ್: ಕಿಟಕಿಯಿಂದ ಶುರುಮಾಡಿ ಒಂದು ಮನೆ ಓದುವುದು

ಇಂಗ್ಲೆಂಡಿನ ಕಂಟ್ರಿ ಹೌಸ್, ಅಂದರೆ ಶ್ರೀಮಂತರ ಹಳ್ಳಿಗಾಡಿನ ದೊಡ್ಡ ಮನೆಗಳ ಪಾಠದಲ್ಲಿ ಹೆಸರುಗಳ ಹಾವಳಿ ಜಾಸ್ತಿ. ಲಾಂಗ್‌ಲೀಟ್, ವೊಲಟನ್, ಚಾಟ್ಸ್‌ವರ್ತ್, ಬ್ಲೆನಿಮ್ ಅಂತ ಬಾಯಿಪಾಠ ಮಾಡುತ್ತಾ ಹೋದರೆ ಪರೀಕ್ಷೆ ಹೊತ್ತಿಗೆ ಎಲ್ಲ ಕಲಸಿಹೋಗಿರುತ್ತದೆ. ಒಂದೇ ಮನೆಯನ್ನು ಸರಿಯಾಗಿ ನೋಡಿದರೆ ಉಳಿದವು ತಾವಾಗಿಯೇ ತಿಳಿಯುತ್ತವೆ ಅನ್ನುವುದು ನನ್ನ ಅಭಿಪ್ರಾಯ. ಇಲ್ಲಿ ಹಿಡಿದುಕೊಂಡಿರುವುದು ಡರ್ಬಿಶೈರ್‌ನ ಹಾರ್ಡ್‌ವಿಕ್ ಹಾಲ್. 1590ರಿಂದ 1597ರ ನಡುವೆ ಎದ್ದ ಮನೆ. ಅದರ ಮುಂಭಾಗದ ಫೋಟೊ ಒಂದನ್ನು ಎದುರಿಗೆ ಇಟ್ಟುಕೊಂಡು ಮುಂದೆ ಓದಿ.

ಮೊದಲು ಕಿಟಕಿಗಳನ್ನು ಕೆಳಗಿನಿಂದ ಮೇಲಕ್ಕೆ ನೋಡಿ. ನೆಲಮಟ್ಟದವು ಗಿಡ್ಡ. ಮೊದಲ ಮಹಡಿಯವು ಅದಕ್ಕಿಂತ ಎತ್ತರ. ಎರಡನೇ ಮಹಡಿಯವು ಎಲ್ಲಕ್ಕಿಂತ ಎತ್ತರ. ಮುಂದಿನ ಕಾಲದ ದೊಡ್ಡ ಮನೆಗಳಲ್ಲಿ ಸಾಮಾನ್ಯವಾಗಿ ತುತ್ತತುದಿಯ ಕಿಟಕಿಗಳೇ ಚಿಕ್ಕವು. ಇಲ್ಲಿ ಉಲ್ಟಾ ಯಾಕೆ?

ಉತ್ತರ ಒಳಗಿದೆ. ಕೆಳಗೆ ಅಡುಗೆಮನೆ, ಉಗ್ರಾಣ, ಆಳುಕಾಳುಗಳ ಓಡಾಟ. ಮೊದಲ ಮಹಡಿಯಲ್ಲಿ ಮನೆಯೊಡತಿಯ ದಿನನಿತ್ಯದ ಕೋಣೆಗಳು. ಎರಡನೇ ಮಹಡಿ ದೊಡ್ಡ ಅತಿಥಿಗಳಿಗೆ, ಅಂದರೆ ರಾಜಮನೆತನದವರೇ ಬಂದರೂ ನಾಚಿಕೆ ಪಡಬೇಕಾಗಿಲ್ಲ ಅನ್ನುವಂಥ ಕೋಣೆಗಳಿಗೆ. ಮೇಲಕ್ಕೆ ಹೋದಷ್ಟೂ ಮರ್ಯಾದೆ ಹೆಚ್ಚು, ಬೆಳಕೂ ಹೆಚ್ಚು. ಮನೆಯೊಳಗೆ ಯಾರು ಯಾವ ದರ್ಜೆಯವರು ಅನ್ನುವುದನ್ನು ಹೊರಗೋಡೆಯೇ ಹೇಳಿಬಿಡುತ್ತದೆ. ಹಾರ್ಡ್‌ವಿಕ್ ಬಗ್ಗೆ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ.

ಮನೆಯೊಡತಿಯ ಹೆಸರು ಎಲಿಜಬೆತ್ ಟಾಲ್ಬಟ್, ಶ್ರೂಸ್‌ಬರಿಯ ಕೌಂಟೆಸ್ (ಅರ್ಲ್ ಅನ್ನುವುದು ಶ್ರೀಮಂತರ ಒಂದು ಪದವಿ, ಅವನ ಹೆಂಡತಿ ಕೌಂಟೆಸ್). ಎಲ್ಲರೂ ಕರೆಯುವುದು ಬೆಸ್ ಆಫ್ ಹಾರ್ಡ್‌ವಿಕ್ ಅಂತ. ಹುಟ್ಟಿದ್ದು ಇದೇ ಜಾಗದ ಸಾಧಾರಣ ಜಮೀನ್ದಾರಿ ಕುಟುಂಬದಲ್ಲಿ. ನಾಲ್ಕು ಮದುವೆ, ನಾಲ್ಕು ಸಲವೂ ವಿಧವೆ. ಎರಡನೇ ಗಂಡ ಸರ್ ವಿಲಿಯಂ ಕ್ಯಾವೆಂಡಿಶ್‌ನಿಂದ ಮಕ್ಕಳಾದರು. ನಾಲ್ಕನೆಯವನು ಶ್ರೂಸ್‌ಬರಿಯ ಆರನೇ ಅರ್ಲ್. ಅವನೊಂದಿಗೆ ಜಗಳವಾಗಿ ಬೆಸ್ ತವರಿಗೆ ಬಂದು ಅಲ್ಲಿನ ಹಳೆ ಮನೆಯನ್ನು ದೊಡ್ಡದು ಮಾಡಿಸತೊಡಗಿದಳು. 1590ರಲ್ಲಿ ಅರ್ಲ್ ತೀರಿಕೊಂಡ. ಕೈಗೆ ಧಾರಾಳ ಹಣ ಬಂತು. ಹಳೆ ಮನೆಯ ಕೆಲಸ ಇನ್ನೂ ಮುಗಿದಿರಲಿಲ್ಲ, ಅಷ್ಟರಲ್ಲೇ ಅದರ ಮಗ್ಗುಲಲ್ಲಿ ಹೊಸ ಮನೆ ಏಳತೊಡಗಿತು. ಆಗ ಅವಳಿಗೆ 60 ದಾಟಿತ್ತು. ಚಾವಣಿಯ ಮೇಲೆ ಎದ್ದು ನಿಂತ ಆರು ಗೋಪುರಗಳ ತುದಿಯಲ್ಲಿ ಕಲ್ಲಿನಲ್ಲಿ ಕೆತ್ತಿದ ‘ಇ’ ಮತ್ತು ‘ಎಸ್’ ಇಂಗ್ಲಿಷ್ ಅಕ್ಷರಗಳು ಕಾಣುತ್ತವಲ್ಲ, ಅವು ಎಲಿಜಬೆತ್ ಶ್ರೂಸ್‌ಬರಿಯ ಇನಿಷಿಯಲ್. ಮೇಲೊಂದು ಕೌಂಟೆಸ್ ಕಿರೀಟ ಬೇರೆ. ಸಂಕೋಚ ಅನ್ನುವುದು ಆಯಮ್ಮನ ಹತ್ತಿರ ಸುಳಿದಂತಿಲ್ಲ.

ನಕ್ಷೆ ರಾಬರ್ಟ್ ಸ್ಮಿತ್‌ಸನ್‌ನದು ಎಂದು ಪಂಡಿತರು ಒಪ್ಪುತ್ತಾರೆ. ಲಾಂಗ್‌ಲೀಟ್‌ನಲ್ಲಿ ಕಲ್ಲುಕೆಲಸ ಮಾಡಿದವನು, ನಾಟಿಂಗ್‌ಹ್ಯಾಮ್ ಹತ್ತಿರದ ವೊಲಟನ್ ಹಾಲ್ ಕಟ್ಟಿದವನು. ಆದರೆ ಇವತ್ತಿನ ಆರ್ಕಿಟೆಕ್ಟ್ ಥರ ಅವನನ್ನು ಕಲ್ಪಿಸಿಕೊಳ್ಳಬೇಡಿ. ನಕ್ಷೆ ಅವನು ಕೊಟ್ಟರೂ ಮೇಸ್ತ್ರಿಗಳು, ಕೆಲಸದವರು, ಕೂಲಿ ಲೆಕ್ಕ ಎಲ್ಲ ಬೆಸ್ ಕೈಯಲ್ಲೇ ಇತ್ತು. ಕಲ್ಲು ಅವಳದೇ ಕ್ವಾರಿಯದು, ಗಾಜು ಅವಳದೇ ಕುಲುಮೆಯದು. ಆ ಕಾಲದಲ್ಲಿ ಗಾಜು ದುಬಾರಿ ವಸ್ತು. ಇಷ್ಟೊಂದು ಗಾಜು ಹಾಕಿಸುವುದೆಂದರೆ ಸಂಪತ್ತನ್ನು ಬೆಟ್ಟದ ಮೇಲಿಟ್ಟು ಊರಿಗೆಲ್ಲ ತೋರಿಸಿದ ಹಾಗೆ. ‘ಹಾರ್ಡ್‌ವಿಕ್ ಹಾಲ್‌ನಲ್ಲಿ ಗೋಡೆಗಿಂತ ಗಾಜೇ ಹೆಚ್ಚು’ ಎಂಬ ಇಂಗ್ಲಿಷಿನ ಪ್ರಾಸದ ಮಾತು ಇವತ್ತಿಗೂ ಚಾಲ್ತಿಯಲ್ಲಿದೆ.

ಇಲ್ಲೊಂದು ಪ್ರಶ್ನೆ ಏಳಬೇಕು. ಹೊರಗೋಡೆ ತುಂಬ ಕಿಟಕಿಯೇ ಆದರೆ ಹೊಗೆ ಹೋಗುವುದು ಎಲ್ಲಿಂದ? ಚಳಿದೇಶದ ಮನೆ, ದೊಡ್ಡ ಕೋಣೆಗಳಿಗೆಲ್ಲ ಬೆಂಕಿಗೂಡು ಬೇಕೇ ಬೇಕು ಅಲ್ವಾ? ಮನೆಯ ನಡುವೆ ಉದ್ದಕ್ಕೂ ಬೆನ್ನುಮೂಳೆ ಥರ ದಪ್ಪ ಗೋಡೆಗಳಿವೆ. ಹೊಗೆಕೊಳವೆಗಳೆಲ್ಲ ಹೆಚ್ಚಾಗಿ ಅದರೊಳಗೇ ಮೇಲೇರುತ್ತವೆ. ಹಾಗಾಗಿ ಹೊರಗೋಡೆ ಗಾಜಿಗೆ ಬಿಡುವಾಯಿತು. ಇನ್ನೊಂದು ವಿಷಯ: ಕಾಣುವ ಕಿಟಕಿಗಳನ್ನೆಲ್ಲ ನಂಬಬೇಡಿ. ಎಡ ಬಲ ಸಮ ಇರಬೇಕು ಅನ್ನುವ ಹಟಕ್ಕೆ ಕೆಲವು ಕಡೆ ಗಾಜಿನ ಹಿಂದೆ ಬರೀ ಗೋಡೆ ಇದೆ.

ಈ ಸಮತೆಯ ಹಟದಿಂದಲೇ ಇನ್ನೊಂದು ದೊಡ್ಡ ಬದಲಾವಣೆಯೂ ಬಂತು. ಹಳೆ ಇಂಗ್ಲಿಷ್ ಮನೆಗಳಲ್ಲಿ ಗ್ರೇಟ್ ಹಾಲ್ ಅನ್ನುವ ದೊಡ್ಡ ಹಜಾರ ಮನೆಯ ಮುಂಭಾಗಕ್ಕೆ ಸಮಾನಾಂತರವಾಗಿ ಅಡ್ಡಡ್ಡ ಇರುತ್ತಿತ್ತು. ಅದರ ಒಂದು ತುದಿಯಲ್ಲಿ ಬಾಗಿಲು. ಬಾಗಿಲು ಪಕ್ಕಕ್ಕೆ ಸರಿದಾಗ ಮುಂಭಾಗ ಎರಡು ಕಡೆ ಸಮ ಆಗುವುದು ಕಷ್ಟ. ಹಾರ್ಡ್‌ವಿಕ್‌ನಲ್ಲಿ ಹಜಾರವನ್ನು ಕಾಲು ಸುತ್ತು ತಿರುಗಿಸಿ, ಮನೆಯ ಮುಂದಿನಿಂದ ಹಿಂದಕ್ಕೆ ನೇರವಾಗಿ ಹಾಯಿಸಿದರು. ಬಾಗಿಲು ನಟ್ಟನಡುವೆ ಬಂತು. ಪ್ಲಾನ್ ಬರೆಯಿರಿ ಅಂತ ಕೇಳಿದರೆ ಮೊದಲು ಈ ಹಜಾರ ಬರೆದು ಆಮೇಲೆ ಉಳಿದದ್ದಕ್ಕೆ ಕೈಹಾಕಿ.

ಹಜಾರ ದಾಟಿದರೆ ಕಲ್ಲಿನ ಮೆಟ್ಟಿಲು. ಅದು ಸರ್ರನೆ ಮೇಲೆ ಹೋಗುವುದಿಲ್ಲ, ಮನೆಯೊಳಗೇ ತಿರುಗಿ ಬಳಸಿ ಎರಡನೇ ಮಹಡಿಗೆ ಕರೆದೊಯ್ಯುತ್ತದೆ. ಕೊನೆಗೆ ಹೈ ಗ್ರೇಟ್ ಚೇಂಬರ್ ಎದುರಾಗುತ್ತದೆ. ಗೋಡೆಯ ಕೆಳಭಾಗಕ್ಕೆ ಬ್ರಸೆಲ್ಸ್‌ನಲ್ಲಿ ನೇಯ್ದ, ಗ್ರೀಕ್ ವೀರ ಯುಲಿಸಿಸ್ ಕಥೆಯ ಟ್ಯಾಪೆಸ್ಟ್ರಿಗಳು, ಅಂದರೆ ಚಿತ್ರ ನೇಯ್ದ ಗೋಡೆಬಟ್ಟೆಗಳು. ಬೆಸ್ ಅವನ್ನು 1587ರಲ್ಲೇ ಕೊಂಡಿದ್ದಳು. ಅದರ ಮೇಲೆ ಸುತ್ತಲೂ ಬಣ್ಣ ಹಚ್ಚಿದ ಗಾರೆಯ ಉಬ್ಬುಚಿತ್ರ: ಕಾಡು, ಪ್ರಾಣಿಗಳು, ಬೇಟೆದೇವತೆ ಡಯಾನಾ. ಬೆಂಕಿಗೂಡಿನ ಮೇಲೆ ರಾಣಿ ಒಂದನೇ ಎಲಿಜಬೆತ್‌ಳ ರಾಜಲಾಂಛನ. ಮದುವೆಯಾಗದ ರಾಣಿಯನ್ನು ಕನ್ಯಾದೇವತೆ ಡಯಾನಾಗೆ ಹೋಲಿಸಿ ಹೊಗಳುವುದು ಆ ಕಾಲದ ರೂಢಿ. ಇಷ್ಟೆಲ್ಲ ಮಾಡಿದರೂ ರಾಣಿ ಒಮ್ಮೆಯೂ ಬರಲಿಲ್ಲ ಅನ್ನುವುದು ಬೇರೆ ಮಾತು. ಅಡುಗೆಮನೆ ಕೆಳಗೆ, ಊಟದ ಕೋಣೆ ಇಷ್ಟು ಮೇಲೆ. ಅಷ್ಟು ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಊಟ ಎಷ್ಟು ಬಿಸಿ ಉಳಿದಿರುತ್ತಿತ್ತು ಅಂತ ನೀವೇ ಯೋಚಿಸಿ. ಊಟದ ಮೇಲೆ ಸಿಹಿ ತಿನ್ನಲು ಚಾವಣಿಯ ಮೇಲೆ ನಡೆದು ಗೋಪುರದ ಪುಟ್ಟ ಕೋಣೆಗೆ ಹೋಗುವ ವ್ಯವಸ್ಥೆಯೂ ಇತ್ತು.

ಅದೇ ಮಹಡಿಯಲ್ಲಿ ಮನೆಯ ಒಂದು ಕಡೆ ಪೂರ್ತಿ ಲಾಂಗ್ ಗ್ಯಾಲರಿ. ಉದ್ದ ಸುಮಾರು 50 ಮೀಟರ್. ಮಳೆ ಚಳಿಯಲ್ಲಿ ಒಳಗೇ ಅಡ್ಡಾಡುವುದಕ್ಕೆ, ಮನೆತನದ ಭಾವಚಿತ್ರ ತೂಗುಹಾಕುವುದಕ್ಕೆ. ಇಲ್ಲಿರುವುದು ಬೈಬಲ್‌ನ ಗಿಡಿಯನ್ ಕಥೆಯ 13 ಟ್ಯಾಪೆಸ್ಟ್ರಿಗಳು, ಒಂದೊಂದೂ ಸುಮಾರು 6 ಮೀಟರ್ ಎತ್ತರ. ಮೊದಲು ಮಾಡಿಸಿದವನು ರಾಣಿಯ ಆಪ್ತ ಸರ್ ಕ್ರಿಸ್ಟೋಫರ್ ಹ್ಯಾಟನ್. ಅವನು ಸತ್ತ ಮೇಲೆ 1592ರಲ್ಲಿ ಬೆಸ್ ಕೊಂಡಳು. ಅದರಲ್ಲಿ ಹ್ಯಾಟನ್ ಲಾಂಛನ ಇತ್ತಲ್ಲ, ಅದನ್ನು ಮುಚ್ಚಿ ತನ್ನದನ್ನು ಹಾಕಿಸುವ ಖರ್ಚು ಅಂತ 5 ಪೌಂಡ್ ಕಡಿಮೆ ಮಾಡಿಸಿಕೊಂಡಳು! ಈ 13ನ್ನೂ ಶುಚಿಮಾಡಿ ಸರಿಪಡಿಸಲು, ಈಗ ಮನೆ ನೋಡಿಕೊಳ್ಳುವ ಸಂರಕ್ಷಣಾ ಸಂಸ್ಥೆ ನ್ಯಾಷನಲ್ ಟ್ರಸ್ಟ್‌ಗೆ 24 ವರ್ಷ ಹಿಡಿಯಿತು. ಕೆಲಸ ಮುಗಿದದ್ದು 2023ರಲ್ಲಿ.

ಮನೆಯಲ್ಲಿ ‘ಸ್ಕಾಟರ ರಾಣಿ ಮೇರಿಯ ಕೋಣೆ’ ಅಂತ ಒಂದಿದೆ. ರಾಣಿ ಎಲಿಜಬೆತ್ ಸೆರೆಯಲ್ಲಿಟ್ಟಿದ್ದ ಈ ಮೇರಿ, ಬೆಸ್‌ಳ ಗಂಡ ಶ್ರೂಸ್‌ಬರಿ ಅರ್ಲ್‌ನ ಕಾವಲಿನಲ್ಲಿ ವರ್ಷಗಟ್ಟಲೆ ಇದ್ದದ್ದು ನಿಜ. ಆದರೆ ಅವಳ ತಲೆ ಕಡಿಸಿದ್ದು 1587ರಲ್ಲಿ. ಈ ಮನೆಗೆ ಪಾಯ ಬಿದ್ದದ್ದೇ ಆಮೇಲೆ. ಇಸವಿ ಹೋಲಿಸಿದರೆ ಕಥೆ ಬಿದ್ದುಹೋಗುತ್ತದೆ. ಇಲ್ಲಿ ನಿಜವಾಗಿ ಇಷ್ಟವಿಲ್ಲದೆ ದಿನ ತಳ್ಳಿದವಳು ಬೆಸ್‌ಳ ಮೊಮ್ಮಗಳು ಆರ್ಬೆಲಾ ಸ್ಟುವರ್ಟ್. ಸಿಂಹಾಸನಕ್ಕೆ ಹಕ್ಕಿದ್ದವಳು, ಅದಕ್ಕೇ ಅಜ್ಜಿಯ ಕಣ್ಗಾವಲು.

1608ರಲ್ಲಿ ಬೆಸ್ ತೀರಿಕೊಂಡ ಮೇಲೆ ಮನೆ ಮಗ ವಿಲಿಯಂ ಕ್ಯಾವೆಂಡಿಶ್‌ಗೆ ಬಂತು. ಅವನು 1618ರಲ್ಲಿ ಡೆವನ್‌ಶೈರ್‌ನ ಅರ್ಲ್ ಆದ. ಆ ವಂಶದ ಮುಖ್ಯ ಮನೆ ಚಾಟ್ಸ್‌ವರ್ತ್ ಆಯಿತು. ಫ್ಯಾಷನ್ ಬದಲಾದಾಗೆಲ್ಲ ಒಡೆದು ಕಟ್ಟಿದ್ದು ಚಾಟ್ಸ್‌ವರ್ತನ್ನು. ಹಾರ್ಡ್‌ವಿಕ್ ಎರಡನೇ ಮನೆಯಾಗಿ ಮೂಲೆಗೆ ಸರಿಯಿತು, ಹಾಗಾಗಿಯೇ ಬಹುಪಾಲು ಇದ್ದಂತೆ ಉಳಿಯಿತು. ಪಕ್ಕದ ಹಳೆ ಮನೆಗೆ ಆ ಅದೃಷ್ಟ ಇರಲಿಲ್ಲ, ಈಗ ಚಾವಣಿಯಿಲ್ಲದ ಪಾಳು. 1950ರಲ್ಲಿ ಇದೇ ವಂಶದ, ಡೆವನ್‌ಶೈರ್‌ನ ಹತ್ತನೇ ಡ್ಯೂಕ್ ತೀರಿಕೊಂಡಾಗ ಆಸ್ತಿಯ ಮೇಲೆ ಶೇ. 80ರಷ್ಟು ತೆರಿಗೆ ಬಿತ್ತು. ತೆರಿಗೆಯ ಬದಲಿಗೆ 1956ರಲ್ಲಿ ಮನೆಯನ್ನೇ ಸರ್ಕಾರಕ್ಕೆ ಕೊಟ್ಟರು. 1959ರಲ್ಲಿ ಅದು ನ್ಯಾಷನಲ್ ಟ್ರಸ್ಟ್‌ಗೆ ಸೇರಿತು.