ಬಂಗುಡೆಯ ಜೊತೆ ಬಾರದ ಕಾಗದ

ಮಂಗಳೂರಿನಿಂದ ಹೊರಟು ಚಾರ್ಮಾಡಿ ಘಾಟಿ ಹತ್ತಿ, ಮೂಡಿಗೆರೆ, ಬೇಲೂರು, ಅರಸೀಕೆರೆ, ತಿಪಟೂರುಗಳನ್ನು ದಾಟುವ ರಾಷ್ಟ್ರೀಯ ಹೆದ್ದಾರಿ 73 ಕೊನೆಗೊಳ್ಳುವುದು ತುಮಕೂರಿನಲ್ಲಿ. ಕೆರೆಯ ಕಾಟ್ಲಾ, ರೋಹುಗಳಿಗೆ ಒಗ್ಗಿದ ಈ ಒಳನಾಡಿನ ಊರಿಗೆ ಬಂಗುಡೆ, ಬೂತಾಯಿ, ಅಂಜಲ್‌ಗಳು ಐಸ್ ತುಂಬಿದ ಪೆಟ್ಟಿಗೆಗಳಲ್ಲಿ ಬರುತ್ತವೆ. ಕೆರೆ ಮೀನು ಯಾವ ಕೆರೆಯದೆಂದು ಕೇಳಿದರೆ ಮಾರುವವರು ಊರಿನ ಹೆಸರು ಹೇಳಬಲ್ಲರು. ಕಡಲ ಮೀನಿನ ವಿಚಾರದಲ್ಲಿ ‘ಮಂಗಳೂರು ಮೀನು’ ಎಂಬಲ್ಲಿಗೆ ಉತ್ತರ ಮುಗಿಯುತ್ತದೆ. ಯಾವ ದೋಣಿ, ಯಾವ ಬಲೆ, ಯಾವ ದಿನ ಎಂಬುದನ್ನು ಬರೆದ ಕಾಗದ ಪೆಟ್ಟಿಗೆಯ ಜೊತೆ ಬರುವುದೇ ಇಲ್ಲ. ಯುರೋಪಿಗೆ ರಫ್ತಾಗುವ ಕಡಲ ಮೀನಿಗಾದರೆ ಅಂಥ ಕಾಗದ ಕಡ್ಡಾಯ.

ದಡದಿಂದ ಎಳೆಯುವ ದೊಡ್ಡ ಬಲೆಯಾದ ರಂಪಣಿಯ ಕಾಲದಲ್ಲಿ ಇದು ಕೇಳಬೇಕಾದ ಪ್ರಶ್ನೆಯೇ ಆಗಿರಲಿಲ್ಲ. ಇಡೀ ಕೇರಿ ದಡದಲ್ಲಿ ನಿಂತು ಎಳೆದ ಬಲೆಯ ಮೀನು ಎಲ್ಲರ ಕಣ್ಣೆದುರೇ ಪಾಲಾಗುತ್ತಿತ್ತು. 1970ರ ದಶಕದ ಮಧ್ಯಭಾಗದಲ್ಲಿ ಪರ್ಸೀನ್ ದೋಣಿಗಳು ಬಂದು, ದಡಕ್ಕೆ ಬರಬೇಕಿದ್ದ ಮೀನಿನ ಹಿಂಡನ್ನು ಕಡಲಲ್ಲೇ ಸುತ್ತುವರಿದು ಹಿಡಿಯತೊಡಗಿದ ಮೇಲೆ ರಂಪಣಿ ಕೆಲವೇ ವರ್ಷಗಳಲ್ಲಿ ಮೂಲೆಗೆ ಸರಿಯಿತು. ನಾಡದೋಣಿಯವರಿಗೂ ಯಾಂತ್ರೀಕೃತ ದೋಣಿಗಳವರಿಗೂ ಜಗಳ ಹುಟ್ಟಿತು. ಕರ್ನಾಟಕದ ಸಾಗರ ಮೀನುಗಾರಿಕೆ ನಿಯಂತ್ರಣ ಕಾಯ್ದೆ 1986ರದು. ಆದರೆ ರಾಜ್ಯದ ಅಧಿಕಾರ 12 ನಾಟಿಕಲ್ ಮೈಲಿಗೆ ನಿಲ್ಲುತ್ತದೆ, ಅಲ್ಲಿಂದ 200 ಮೈಲಿವರೆಗೆ ಹೊಣೆ ಕೇಂದ್ರದ್ದು. ಆಳಕಡಲಿಗೆ ಹೊರಟ ದೋಣಿ ಒಂದೇ ಪಯಣದಲ್ಲಿ ಎರಡು ಸರ್ಕಾರಗಳ ಕಡಲನ್ನು ಹಾದುಬರುತ್ತದೆ.

ರಾತ್ರಿ ಜನರೇಟರಿನಿಂದ ಪ್ರಖರ ದೀಪ ಉರಿಸಿ, ಬೆಳಕಿಗೆ ಮುತ್ತುವ ಮೀನನ್ನು ಮರಿಗಳ ಸಮೇತ ಬಾಚುವ ಲೈಟ್ ಫಿಶಿಂಗನ್ನು ಕೇಂದ್ರವು 2017ರ ನವೆಂಬರಿನಲ್ಲಿ ನಿಷೇಧಿಸಿತು. ಆದರೆ ಹಾಗೆ ಹಿಡಿದ ಬಂಗುಡೆಗೂ ನಿಯಮ ಪಾಲಿಸಿ ಹಿಡಿದ ಬಂಗುಡೆಗೂ ನೋಟದಲ್ಲಿ ವ್ಯತ್ಯಾಸವಿಲ್ಲ. ತುಮಕೂರಿನ ಗ್ರಾಹಕರಿಗೆ ಇದು ಮಳೆಗಾಲದಲ್ಲಿ ಇನ್ನಷ್ಟು ಮಸುಕಾಗುತ್ತದೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ರಜೆ; ಪೂರ್ವ ಕರಾವಳಿಯಲ್ಲಿ ರಜೆ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಹಾಗಾಗಿ ಜುಲೈನಲ್ಲಿ ಬಂದ ಮೀನು ಪೂರ್ವ ಕರಾವಳಿಯದಿರಬಹುದು, ನಾಡದೋಣಿಯದಿರಬಹುದು, ಶೀತಲಗೃಹದ್ದಿರಬಹುದು, ನಿಷೇಧ ಮುರಿದು ಹಿಡಿದದ್ದೂ ಇರಬಹುದು. ಪ್ರಾಮಾಣಿಕವಾಗಿ ದೋಣಿಯನ್ನು ದಡಕ್ಕೆ ಕಟ್ಟಿಹಾಕಿ ಎರಡು ತಿಂಗಳ ದುಡಿಮೆ ಬಿಟ್ಟವರಿಗೆ ಇದರಿಂದ ಆಗುವ ಅನ್ಯಾಯ ನನ್ನನ್ನು ಹೆಚ್ಚು ಕಾಡುತ್ತದೆ.

ಜಗತ್ತು ಈ ಮಸುಕನ್ನು ಗುರುತಿಸಿ ಬಹಳ ಕಾಲವಾಗಿದೆ. ಅಕ್ರಮ, ವರದಿಯಾಗದ, ನಿಯಂತ್ರಣಕ್ಕೆ ಒಳಪಡದ ಮೀನುಗಾರಿಕೆಯ ವಿರುದ್ಧ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಕಾರ್ಯಯೋಜನೆ ರೂಪಿಸಿದ್ದು 2001ರಲ್ಲಿ. ಆ ಯೋಜನೆ ಸ್ವಯಂಪ್ರೇರಿತವಾಗಿತ್ತು. ಬಿಗಿ ಬಂದದ್ದು ಕೊಳ್ಳುವವರ ಕಡೆಯಿಂದ: 2010ರ ಜನವರಿ 1ರಿಂದ ಯುರೋಪಿಯನ್ ಒಕ್ಕೂಟವು ನಿಯಮ ಪಾಲಿಸಿ ಹಿಡಿದದ್ದೆಂಬ ಪ್ರಮಾಣಪತ್ರವಿಲ್ಲದ ಕಡಲ ಮೀನನ್ನು ಒಳಗೆ ಬಿಡುವುದಿಲ್ಲವೆಂದಿತು. 2015ರಲ್ಲಿ ಒಕ್ಕೂಟದಿಂದ ಎಚ್ಚರಿಕೆಯ ‘ಹಳದಿ ಕಾರ್ಡ್’ ಪಡೆದ ಥಾಯ್ಲೆಂಡ್ ತನ್ನ ಮೀನುಗಾರಿಕೆ ಕಾನೂನನ್ನೇ ಹೊಸದಾಗಿ ಬರೆಯಿತು; ಎಚ್ಚರಿಕೆ ತೆರವಾದದ್ದು 2019ರಲ್ಲಿ. ಭಾರತದಲ್ಲಿ ಈ ಪ್ರಮಾಣಪತ್ರದ ಕೆಲಸವನ್ನು ಸಾಗರೋತ್ಪನ್ನ ರಫ್ತು ಅಭಿವೃದ್ಧಿ ಪ್ರಾಧಿಕಾರ ನೋಡಿಕೊಳ್ಳುತ್ತದೆ.

ಒಳನಾಡಿನ ಮಾರುಕಟ್ಟೆಗೆ ಅಂಥ ಒತ್ತಡ ತರುವವರು ಇರಲಿಲ್ಲ. 2018ರಲ್ಲಿ ಕೇರಳದ ಚೆಕ್‌ಪೋಸ್ಟ್‌ಗಳಲ್ಲಿ ಫಾರ್ಮಲಿನ್ ಬೆರೆತ ಮೀನು ಸಿಕ್ಕಾಗ ಕರ್ನಾಟಕದ ಗ್ರಾಹಕರೂ ಬೆಚ್ಚಿದರು. ಕೊಚ್ಚಿಯ ಕೇಂದ್ರೀಯ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆಯ ಪರೀಕ್ಷಾ ಕಿಟ್ ರಾಸಾಯನಿಕವನ್ನು ತೋರಿಸಬಲ್ಲದು, ದೋಣಿಯನ್ನಲ್ಲ. 2025ರ ನವೆಂಬರಿನಲ್ಲಿ ಕೇಂದ್ರವು 12 ಮೈಲಿಯಾಚೆಯ ಕಡಲಿಗೆ ಹೊಸ ನಿಯಮಗಳನ್ನೂ, ಮೀನಿನ ಮೂಲವನ್ನು ಗುರುತಿಸುವ ರಾಷ್ಟ್ರೀಯ ಚೌಕಟ್ಟನ್ನೂ ಪ್ರಕಟಿಸಿದೆ. ಅದರ ನಿಜವಾದ ಪರೀಕ್ಷೆ ನಡೆಯುವುದು ದೋಣಿಗಳು ಮೀನು ಇಳಿಸುವ ಧಕ್ಕೆಯ ಹರಾಜಿನಲ್ಲಿ ಎಂದು ನನ್ನ ಎಣಿಕೆ. ಹಲವು ದೋಣಿಗಳ ಮೀನು ಒಂದೇ ರಾಶಿಯಾಗಿ, ಒಂದೇ ಲಾರಿ ಏರುವ ಆ ಗಳಿಗೆಯಲ್ಲೇ ಜಾಡು ತಪ್ಪುತ್ತದೆ. ದೋಣಿಯ ನೋಂದಣಿ ಸಂಖ್ಯೆ, ಹಿಡಿದ ದಿನ, ಬಲೆಯ ಬಗೆ ಇವಿಷ್ಟನ್ನು ಬರೆದ ಚೀಟಿಯನ್ನು ಅಲ್ಲಿಯೇ ಪ್ರತಿ ಪೆಟ್ಟಿಗೆಗೂ ಅಂಟಿಸಿದರೆ, ಅದು ಘಾಟಿ ಹತ್ತಿ ತುಮಕೂರಿನ ಅಂಗಡಿಯವರೆಗೆ ಬರಬಲ್ಲದು.